ಓಡಲು ಹುಟ್ಟಿದ ಕಾರಿಗೆ ತೆವಳುವ ಕೆಲಸ

ನಾಲ್ಕು ಮೀಟರ್ ಆಸುಪಾಸಿನ ಉದ್ದ, ಸಾವಿರದಿಂದ ಸಾವಿರದ ಇನ್ನೂರು ಕೆಜಿ ತೂಕ, ಬಾನೆಟ್ಟಿನ ಕೆಳಗೆ 140ರಿಂದ 200 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿಯ, ಹೊಗೆಯ ರಭಸದಿಂದ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಎಂಜಿನ್. ಸ್ಪೋರ್ಟಿ ಸಬ್‌ಕಾಂಪ್ಯಾಕ್ಟ್ ಎಂದರೆ ಸ್ಥೂಲವಾಗಿ ಇಷ್ಟು. 2017ರಲ್ಲಿ ಬಂದ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನ ಎಂಜಿನ್ 1.4 ಲೀಟರಿನದು. 140 ಪಿಎಸ್, 230 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಜಪಾನಿನ ಮ್ಯಾನುಯಲ್ ಆವೃತ್ತಿ ಬರೀ 970 ಕೆಜಿ ತೂಗುತ್ತಿತ್ತು. ಹ್ಯುಂಡೈ ಐ20 ಎನ್‌ನಲ್ಲಿ 1.6 ಲೀಟರಿನಿಂದ 204 ಪಿಎಸ್. ಫೋರ್ಡ್ ಫಿಯೆಸ್ಟಾ ಎಸ್‌ಟಿಯ ಕೊನೆಯ ತಲೆಮಾರು ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್ನಿನಿಂದ 200 ಪಿಎಸ್ ಹೊರಡಿಸುತ್ತಿತ್ತು. 2023ರಲ್ಲಿ ಫಿಯೆಸ್ಟಾ ತಯಾರಿಕೆಯೇ ನಿಂತಿದ್ದರಿಂದ ಈಗ ಅದು ಸೆಕೆಂಡ್‌ಹ್ಯಾಂಡ್ ಸರಕು.

ಇಂಥ ಕಾರನ್ನು ದಿನಾ ಆಫೀಸಿಗೆ ಓಡಿಸಬಹುದೇ ಎಂದು ಕೇಳುವವರ ಮನಸ್ಸಿನಲ್ಲಿ ಇರುವ ಅಳುಕು ಒಂದೇ: ಇಷ್ಟೊಂದು ಪವರ್ ಇಟ್ಟುಕೊಂಡು ಟ್ರಾಫಿಕ್ಕಿನಲ್ಲಿ ಏನು ಮಾಡುವುದು? ಪವರ್‌ನಿಂದ ಅಂಥ ತೊಂದರೆ ಏನೂ ಇಲ್ಲ. ಅರ್ಧ ಪೆಡಲ್ ಒತ್ತಿದರೆ ಇದೂ ಸಾಧಾರಣ ಹ್ಯಾಚ್‌ಬ್ಯಾಕಿನಂತೆಯೇ ಸಾಗುತ್ತದೆ. ಈ ಕಾರುಗಳನ್ನು ಸದ್ದಿಲ್ಲದೆ ಸವೆಸುವುದು ನಿಧಾನಗತಿ ಮತ್ತು ಕಿರುದಾರಿ. ಐದಾರು ಕಿಲೋಮೀಟರ್ ಓಡಿ ತಣ್ಣಗಾಗುವ ಎಂಜಿನ್, ಇಂಚಿಂಚು ತೆವಳುವಾಗ ಬಿಸಿಯೇರುವ ಕ್ಲಚ್, ಗುಂಡಿಗೆ ಬಡಿಯುವ ತೆಳು ಟೈರ್. ಖರ್ಚು ಬರುವುದು ಈ ಮೂರು ಬಾಗಿಲುಗಳಿಂದ.

ಮೊದಲ ಹತ್ತು ನಿಮಿಷ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ನಡುವಿಗೆ ಬಂದರೆ ಎಂಜಿನ್ ಬೆಚ್ಚಗಾಯಿತು ಎಂದು ಹೆಚ್ಚಿನವರು ತಿಳಿಯುತ್ತಾರೆ. ಆ ಮುಳ್ಳು ತೋರಿಸುವುದು ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನ ಬಿಸಿಯನ್ನು. ಆಯಿಲ್ ಬಿಸಿಯಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರ. ಅದರ ದಂಡವನ್ನು ತೇಲಿಸಿ ಹಿಡಿದಿರುವುದು ಆಯಿಲ್‌ನ ತೆಳು ಪದರ ಮಾತ್ರ. ಆದ್ದರಿಂದ ಆಯಿಲ್ ಟೆಂಪರೇಚರ್ ತೋರಿಸುವ ಕಾರಾದರೆ ಅದು 80 ಡಿಗ್ರಿ ದಾಟುವವರೆಗೆ, ತೋರಿಸದ ಕಾರಾದರೆ ಮುಳ್ಳು ನಡುವಿಗೆ ಬಂದಮೇಲೂ ಐದು ನಿಮಿಷ, 3000 ಆರ್‌ಪಿಎಮ್ ಒಳಗೇ ಇರಿ. ಪೆಡಲನ್ನು ಪೂರ್ತಿ ತುಳಿಯಬೇಡಿ. ಮನೆ ಮುಂದೆ ನಿಲ್ಲಿಸಿಕೊಂಡು ಎಂಜಿನ್ ಬಿಸಿ ಮಾಡುವುದು ಮಾತ್ರ ಬೇಡ. ಐಡಲ್‌ನಲ್ಲಿ ಎಂಜಿನ್ ಬೆಚ್ಚಗಾಗುವುದೇ ತಡ. ಅಷ್ಟು ಹೊತ್ತೂ ಪೆಟ್ರೋಲ್ ಹೆಚ್ಚಾಗಿ ಬೆರೆತ ಮಿಶ್ರಣವೇ ಒಳಗೆ ಹೋಗುತ್ತಿರುತ್ತದೆ. ಸ್ಟಾರ್ಟ್ ಮಾಡಿ, ಬೆಲ್ಟ್ ಹಾಕಿಕೊಂಡು, ಮೆಲ್ಲಗೆ ಹೊರಡುವುದೇ ಸರಿ.

ಕಿರುದಾರಿಯ ನಿಜವಾದ ಹಾನಿ ಆಯಿಲ್ ಪಾತ್ರೆಯಲ್ಲಿ ಆಗುತ್ತದೆ. ತಣ್ಣನೆಯ ಎಂಜಿನ್ನಿಗೆ ಹೆಚ್ಚುವರಿಯಾಗಿ ಸಿಂಪಡಿಸಿದ ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಯ ಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಇದು ಇನ್ನೂ ಹೆಚ್ಚು. ಜೊತೆಗೆ ದಹನದಲ್ಲಿ ಹುಟ್ಟಿದ ನೀರಿನ ಆವಿ ಒಳಗೇ ತಣಿದು ಹನಿಯಾಗುತ್ತದೆ. ದೂರ ಓಡಿದರೆ ಎರಡೂ ಆವಿಯಾಗಿ ಹೋಗುತ್ತವೆ. ದಿನಾ ಐದು ಕಿಲೋಮೀಟರಿಗೇ ಆಫ್ ಮಾಡಿದರೆ ಕೂಡುತ್ತಾ ಹೋಗುತ್ತವೆ. ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲ್ ವಾಸನೆ ಹೊಡೆದರೆ, ಆಗಿರುವುದು ಇದೇ. ಆಯಿಲ್ ತೆಳ್ಳಗಾಗಿದೆ, ಬದಲಿಸುವವರೆಗೆ ಎಂಜಿನ್ ಹಿಂಡಬೇಡಿ.

ಪರಿಹಾರ ಸರಳ. ಕಂಪನಿ 15,000 ಕಿಲೋಮೀಟರ್ ಎಂದಿದ್ದರೂ ಕಿರುದಾರಿಯ ಕಾರಿಗೆ 7,500–8,000 ಕಿಲೋಮೀಟರಿಗೆ, ಅಷ್ಟು ಓಡದಿದ್ದರೆ ಆರು ತಿಂಗಳಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಕಾರಿನ ಜೊತೆ ಬರುವ ಮ್ಯಾನುಯಲ್ ಪುಸ್ತಕದಲ್ಲಿ 'ಕಠಿಣ ಬಳಕೆ' ಎಂಬ ಪುಟ ಇದ್ದೇ ಇರುತ್ತದೆ. ಅದನ್ನು ಗಣಿಯಲ್ಲಿ ದುಡಿಯುವ ವಾಹನಗಳಿಗೆ ಬರೆದದ್ದು ಎಂದುಕೊಂಡು ದಾಟಿಹೋಗುತ್ತೇವೆ. ಓದಿ ನೋಡಿ, ಸಣ್ಣ ಓಡಾಟ ಮತ್ತು ಟ್ರಾಫಿಕ್ಕಿನ ಹೆಸರು ಅಲ್ಲೇ ಇರುತ್ತದೆ. ವಾರಕ್ಕೊಮ್ಮೆಯಾದರೂ ಮೂವತ್ತು ನಿಮಿಷ ಒಂದೇ ಸಮ ಓಡುವ ದಾರಿ ಹಿಡಿಯಿರಿ. ಯುರೋಪಿನ ಈಚಿನ ಮಾದರಿಗಳಲ್ಲಿರುವಂತೆ ಸೈಲೆನ್ಸರ್ ಸಾಲಿನಲ್ಲಿ ಪೆಟ್ರೋಲ್ ಪಾರ್ಟಿಕ್ಯುಲೇಟ್ ಫಿಲ್ಟರ್ ಇದ್ದರೆ ಇದು ಕಡ್ಡಾಯವೆಂದೇ ತಿಳಿಯಿರಿ. ಫಿಲ್ಟರಿನಲ್ಲಿ ಕೂತ ಮಸಿ ಉರಿಯಲು ಬಿಸಿ ಹೊಗೆಯೂ ಬೇಕು, ಆಮ್ಲಜನಕವೂ ಬೇಕು. ಬಿಸಿಯಾದ ಕಾರನ್ನು ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಹರಿಯಬಿಟ್ಟಾಗ ಎರಡೂ ಒದಗುತ್ತವೆ.

ಡೈರೆಕ್ಟ್ ಇಂಜೆಕ್ಷನ್ನಿನ ಇನ್ನೊಂದು ಕಾಯಿಲೆ ಇನ್‌ಟೇಕ್ ವಾಲ್ವ್‌ಗಳ ಮೇಲೆ ಕೂರುವ ಇಂಗಾಲ. ಹಳೆಯ ಬಗೆಯ ಎಂಜಿನ್ನಿನಲ್ಲಿ ಪೆಟ್ರೋಲ್ ವಾಲ್ವ್‌ನ ಬೆನ್ನಿಗೆ ಬಿದ್ದು ಅದನ್ನು ತೊಳೆಯುತ್ತಿತ್ತು. ಇಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುವುದರಿಂದ ಎಂಜಿನ್ನಿನ ಬುಡದ ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ವಾಲ್ವ್ ಮೇಲೆ ಸುಟ್ಟು ಅಂಟಿಕೊಳ್ಳುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ನಡುಗುವುದು, ಮಿಸ್‌ಫೈರ್, ಎಳೆತ ಕಡಿಮೆಯಾಗುವುದು ಇದರ ಲಕ್ಷಣ. ಟ್ಯಾಂಕಿಗೆ ಸುರಿಯುವ ಯಾವ ಕ್ಲೀನರ್ ಬಾಟಲಿಯೂ ಅಲ್ಲಿಗೆ ತಲುಪುವುದಿಲ್ಲ. ಪೆಟ್ರೋಲೇ ಹೋಗದ ಜಾಗಕ್ಕೆ ಪೆಟ್ರೋಲಿಗೆ ಬೆರೆಸಿದ ಔಷಧಿ ಹೋಗುವುದಾದರೂ ಹೇಗೆ? ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟದ ಸಿಪ್ಪೆಯ ಪುಡಿಯನ್ನು ಗಾಳಿಯ ರಭಸದಲ್ಲಿ ಎರಚಿ ಶುಚಿ ಮಾಡುವುದೇ ಗಟ್ಟಿ ದಾರಿ. ಫಿಯೆಸ್ಟಾ ಎಸ್‌ಟಿಯ 1.5 ಲೀಟರ್ ಎಂಜಿನ್ನಿನಂತೆ ಎರಡೂ ಬಗೆಯ ಇಂಜೆಕ್ಟರ್ ಇರುವ ಕಾರುಗಳಿಗೆ ಈ ಕಾಟ ಕಡಿಮೆ.

ನಿಲ್ಲಿಸುವಾಗಿನ ಮಾತು ಎರಡೇ ಸಾಲು. ಕೊನೆಯ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಟರ್ಬೊ ತಾನಾಗಿ ತಣಿಯುತ್ತದೆ. ಊರೊಳಗಿನ ಓಡಾಟ ಮುಗಿಸಿ ಬಂದು ಐಡಲ್‌ನಲ್ಲಿ ಮೂರು ನಿಮಿಷ ಕೂರುವ ಅಗತ್ಯವೇ ಇಲ್ಲ.

ತೆವಳುವ ಕಲೆ

ಕ್ಲಚ್ ಸವೆಯುವುದು ಜಾರುವಾಗ. ಪೂರ್ತಿ ಒತ್ತಿದಾಗಲೂ ಪೂರ್ತಿ ಬಿಟ್ಟಾಗಲೂ ಪ್ಲೇಟಿಗೆ ಸವೆತವಿಲ್ಲ; ಅರ್ಧದಲ್ಲಿ ಹಿಡಿದ ಪ್ರತಿ ಸೆಕೆಂಡೂ ಸವೆತ. ಮುಂದಿನ ಕಾರು ಒಂದು ಮೀಟರ್ ಸರಿದಾಗ ನೀವೂ ಒಂದು ಮೀಟರ್ ಸರಿದರೆ ಪ್ರಯಾಣವೆಲ್ಲ ಅರ್ಧ ಕ್ಲಚ್ಚಿನಲ್ಲೇ ಕಳೆಯುತ್ತದೆ. ಎರಡು ಕಾರಿನಷ್ಟು ಜಾಗ ಬಿಡಿ. ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಇದ್ದರೆ ಇಂಥ ಕಾರು ಗಂಟೆಗೆ ಸುಮಾರು 6–7 ಕಿಲೋಮೀಟರ್ ವೇಗದಲ್ಲಿ ತಾನೇ ನಡೆಯುತ್ತದೆ. ಟ್ರಾಫಿಕ್ಕಿನ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ! ಖಾಲಿ ಜಾಗಕ್ಕೆ ಇನ್ನೊಬ್ಬರು ನುಗ್ಗುತ್ತಾರೆ, ನಿಜ. ಅವರು ನಿಮಗಿಂತ ಒಂದು ಕಾರಿನಷ್ಟು ಮುಂದೆ ತಲುಪುತ್ತಾರೆ, ಅಷ್ಟೇ.

ಏರಿನಲ್ಲಿ ಕ್ಲಚ್ಚಿನಿಂದ ಕಾರನ್ನು ಹಿಡಿದು ನಿಲ್ಲಿಸಬೇಡಿ, ಅದು ಹ್ಯಾಂಡ್‌ಬ್ರೇಕಿನ ಕೆಲಸ. ಸಿಗ್ನಲ್‌ನಲ್ಲಿ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯಿರಿ. ಕಾಲೊತ್ತಿ ಕೂತರೆ ಪ್ಲೇಟಿನ ಬದಲು ರಿಲೀಸ್ ಬೇರಿಂಗ್ ಸವೆಯುತ್ತದೆ. ಕ್ಲಚ್ ಎಷ್ಟು ಉಳಿದಿದೆ ಎಂದು ನೋಡಬೇಕಾದರೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 2000 ಆರ್‌ಪಿಎಮ್, ಪೂರ್ತಿ ಪೆಡಲ್. ಟರ್ಬೊ ಎದ್ದ ಕ್ಷಣದಲ್ಲಿ ವೇಗ ಏರದೆ ಆರ್‌ಪಿಎಮ್ ಮಾತ್ರ ಜಿಗಿದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. ಇದೊಂದು ಪರೀಕ್ಷೆ ಅಷ್ಟೇ, ದಿನಾ ಮಾಡುವ ಆಟವಲ್ಲ.

ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ ಎಡಗಾಲಿಗೆ ವಿಶ್ರಾಂತಿ, ಆದರೆ ಕ್ಲಚ್ ಅಲ್ಲೂ ಇದೆ, ಒತ್ತುವುದು ಕಂಪ್ಯೂಟರ್. ಇದರಲ್ಲಿ ಎರಡು ಜಾತಿ. ಆಯಿಲ್‌ನಲ್ಲಿ ಮುಳುಗಿ ತಣಿಯುವ ವೆಟ್ ಕ್ಲಚ್ ಒಂದು, ಗಾಳಿಯನ್ನೇ ನಂಬಿರುವ ಡ್ರೈ ಕ್ಲಚ್ ಇನ್ನೊಂದು. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡಿಕ್ಯೂ200 ಡ್ರೈ, ಆರು ಗೇರಿನ ಡಿಕ್ಯೂ250 ವೆಟ್. ದಿನಾ ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ತೆವಳುವವರು ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಹಾರ್ಸ್‌ಪವರ್‌ನದಲ್ಲ, ಕ್ಲಚ್ ಡ್ರೈಯೋ ವೆಟ್ಟೋ ಎಂಬುದು. ಡ್ರೈ ಆಗಿದ್ದರೆ ನಿಂತಾಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಆಗ ಕ್ಲಚ್ ಬಿಡಿಸಿಕೊಳ್ಳುತ್ತದೆ. ಬ್ರೇಕನ್ನು ಅರೆಬರೆ ಒತ್ತಿ ಕಾರನ್ನು ನುಸುಳಲು ಬಿಟ್ಟರೆ ಎರಡೂ ಒಂದಕ್ಕೊಂದು ಎದುರಾಗಿ ಉಜ್ಜುತ್ತಿರುತ್ತವೆ. ಗೇರ್‌ಬಾಕ್ಸ್ ಬಿಸಿಯಾಗಿದೆ ಎಂಬ ಸೂಚನೆ ಬಂದರೆ ಪಕ್ಕಕ್ಕೆ ಹಾಕಿ, ಎಂಜಿನ್ ಓಡುತ್ತಿರಲಿ, ಗೇರ್ ಪಾರ್ಕ್‌ನಲ್ಲಿರಲಿ. ಸೂಚನೆ ಹೋದಮೇಲೆ ಹೊರಡಿ.

ತೆವಳುವಿಕೆ ಮುಗಿದು ರಸ್ತೆ ಬಿಚ್ಚಿಕೊಂಡಾಗ ಕೆಲವೊಮ್ಮೆ ಕಾರು ಮಂಕಾಗಿ ಎಳೆಯುತ್ತದೆ. ಇದಕ್ಕೆ ಗ್ಯಾರೇಜಿಗೆ ಓಡಬೇಕಿಲ್ಲ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ನಿಂತಲ್ಲಿ ಗಾಳಿ ಸಿಗುವುದಿಲ್ಲ, ಮೇಲಾಗಿ ರೇಡಿಯೇಟರಿನ ಕಾವು ಬೇರೆ ತಗಲುತ್ತದೆ. ಬಿಸಿ ಗಾಳಿ ಒಳಗೆ ಹೋದರೆ ನಾಕಿಂಗ್ (ಪೆಟ್ರೋಲ್ ಹದ ತಪ್ಪಿ ತಾನಾಗಿ ಸಿಡಿಯುವುದು) ಆಗದಿರಲೆಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ಪಾರ್ಕನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಒಂದೆರಡು ನಿಮಿಷ ಓಡಿ ಗಾಳಿ ಆಡಿದರೆ ಸರಿಹೋಗುತ್ತದೆ.

ಇನ್ನೊಂದು ತಪ್ಪು, ಅದನ್ನು ಮಾಡುವವರು ಹೆಚ್ಚಾಗಿ ಮೈಲೇಜ್ ಪ್ರಿಯರು. ಬೇಗ ಬೇಗ ಆರನೇ ಗೇರಿಗೆ ಹಾಕಿ, 1400 ಆರ್‌ಪಿಎಮ್‌ನಲ್ಲಿ ಪೆಡಲ್ ತಳಕ್ಕೆ ತುಳಿಯುವುದು. ಸಣ್ಣ ಟರ್ಬೊ ಎಂಜಿನ್ನಿಗೆ 6000 ಆರ್‌ಪಿಎಮ್‌ಗಿಂತ ಇದು ಹೆಚ್ಚು ಅಪಾಯಕಾರಿ. ಕಡಿಮೆ ಸುತ್ತು, ಭಾರೀ ಹೊರೆ ಇರುವಾಗ ಪಿಸ್ಟನ್ ಅಂಚಿನಲ್ಲಿ ಸೇರಿದ ಆಯಿಲ್ ಮತ್ತು ಪೆಟ್ರೋಲಿನ ಹನಿ ಸ್ಪಾರ್ಕಿಗೂ ಮುಂಚೆಯೇ ಹೊತ್ತಿಕೊಳ್ಳಬಹುದು. ಎಂಜಿನಿಯರುಗಳು ಇದನ್ನು ಎಲ್‌ಎಸ್‌ಪಿಐ (ಲೋ ಸ್ಪೀಡ್ ಪ್ರೀ-ಇಗ್ನಿಷನ್) ಎನ್ನುತ್ತಾರೆ. ಒಂದೇ ಬಲವಾದ ಹೊಡೆತಕ್ಕೆ ಪಿಸ್ಟನ್ ರಿಂಗ್‌ಗಳ ನಡುವಿನ ತೆಳು ಗೋಡೆ ಒಡೆದು ಹೋದ ಉದಾಹರಣೆಗಳಿವೆ. ಆಯಿಲ್‌ನಲ್ಲಿನ ಕ್ಯಾಲ್ಸಿಯಂ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ ಅದರ ಒಂದು ಭಾಗಕ್ಕೆ ಬದಲಾಗಿ ಮ್ಯಾಗ್ನೀಸಿಯಂ ಬಳಸುವ ಆಯಿಲ್‌ಗಳು ಬಂದವು. 2020ರಲ್ಲಿ ಜಾರಿಗೆ ಬಂದ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) ಎಸ್‌ಪಿ ದರ್ಜೆ ಸಿಗಬೇಕಾದರೆ ಆಯಿಲ್ ಎಲ್‌ಎಸ್‌ಪಿಐ ಪರೀಕ್ಷೆ ಪಾಸಾಗಲೇಬೇಕು. ಹಾಗಾಗಿ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಅಥವಾ ಮ್ಯಾನುಯಲ್ ಹೇಳುವ ಕಂಪನಿಯ ಮಾನದಂಡ ಇದೆಯೇ ನೋಡಿ. ದಪ್ಪ-ತೆಳುವಿನ ಅಂಕಿ ಸರಿಯಾಗಿದ್ದರೆ ಸಾಕು ಎನ್ನುವ ಕಾಲ ಹೋಯಿತು. ಓಡಿಸುವಾಗ, ವೇಗ ಬೇಕಾದರೆ ಮೊದಲು ಗೇರ್ ಇಳಿಸಿ, ಆಮೇಲೆ ತುಳಿಯಿರಿ.

ಟೈರು, ರಿಮ್ಮು, ಗುಂಡಿ

ದಿನಬಳಕೆಯಲ್ಲಿ ಸ್ಪೋರ್ಟಿ ಕಾರು ಅತಿಹೆಚ್ಚು ದುಡ್ಡು ಕೇಳುವ ಜಾಗ ಇದೇ. ಸ್ವಲ್ಪ ಲೆಕ್ಕ ಮಾಡೋಣ.

ಟೈರಿನ ಮೇಲಿನ 205/40 ಆರ್17 ಎಂಬ ಬರಹದಲ್ಲಿ 205 ಅಗಲ, ಮಿಲಿಮೀಟರಿನಲ್ಲಿ. 40 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 40, ಅಂದರೆ 82 ಮಿಲಿಮೀಟರ್. 17 ಎಂಬುದು ರಿಮ್ಮಿನ ಇಂಚು. ಸಾಧಾರಣ ಹ್ಯಾಚ್‌ಬ್ಯಾಕಿನ 185/65 ಆರ್15 ಟೈರಿನ ಗೋಡೆ 120 ಮಿಲಿಮೀಟರ್. ಗುಂಡಿಯ ಅಂಚಿಗೂ ಲೋಹದ ರಿಮ್ಮಿಗೂ ನಡುವೆ ಇರುವ ರಬ್ಬರಿನ ಮೆತ್ತೆ ಮೂರನೇ ಒಂದು ಭಾಗ ಕಡಿಮೆ ಎಂದಾಯಿತು. ಐ20 ಎನ್‌ನ 215/40 ಆರ್18ಗೆ 86 ಮಿಲಿಮೀಟರ್, ಸ್ವಿಫ್ಟ್ ಸ್ಪೋರ್ಟ್‌ನ 195/45 ಆರ್17ಗೆ 88.

ಗುಂಡಿಗೆ ಬಿದ್ದಾಗ ಟೈರ್ ಪೂರ್ತಿ ಚಪ್ಪಟೆಯಾಗಿ, ಗುಂಡಿಯ ಅಂಚು ಮತ್ತು ರಿಮ್ಮಿನ ತುಟಿಯ ನಡುವೆ ಅಡಕತ್ತರಿಗೆ ಸಿಕ್ಕಿದ ಅಡಿಕೆಯಂತಾಗುತ್ತದೆ. ಒಳಗಿನ ನೂಲಿನ ಎಳೆ ಕತ್ತರಿಸಿದರೆ ಮಾರನೇ ದಿನವೋ ವಾರ ಬಿಟ್ಟೋ ಗೋಡೆಯ ಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ಪ್ಯಾಚೂ ಇಲ್ಲ, ರಿಪೇರಿಯೂ ಇಲ್ಲ, ಬಿಸಾಡಲೇಬೇಕು. ರಿಮ್ ಬಗ್ಗುವುದು ಹೆಚ್ಚಾಗಿ ಒಳಗಿನ ತುಟಿಯಲ್ಲಿ, ಏಕೆಂದರೆ ಸ್ಪೋಕ್‌ಗಳ ಆಸರೆ ಇರುವುದು ಹೊರಮೈಗೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಗಂಟೆಗೆ 80–100 ಕಿಲೋಮೀಟರಿನಲ್ಲಿ ಸ್ಟೀರಿಂಗ್ ನಡುಗುತ್ತಿದ್ದು, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದಿದ್ದರೆ, ಅಥವಾ ಒಂದೇ ಚಕ್ರದಲ್ಲಿ ವಾರಕ್ಕೆ ಎರಡು ಮೂರು ಪಿಎಸ್‌ಐ ಇಳಿಯುತ್ತಿದ್ದರೆ ಕಾರನ್ನು ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿ ಒಳತುಟಿ ನೋಡಿ.

ಗಾಳಿ ಕಡಿಮೆ ಇದ್ದಷ್ಟು ಈ ಹೊಡೆತ ಜಾಸ್ತಿ. ಬಾಗಿಲ ಕಂಬದ ಚೀಟಿಯಲ್ಲಿರುವ ಒತ್ತಡವನ್ನು ಟೈರ್ ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆ ನೋಡಿ. ಹವೆ 10 ಡಿಗ್ರಿ ತಣ್ಣಗಾದರೆ ಸುಮಾರು ಒಂದೂವರೆ ಪಿಎಸ್‌ಐ ತಾನಾಗಿ ಇಳಿಯುತ್ತದೆ. 'ಸವಾರಿ ಗಡುಸಾಗಿದೆ, ಸ್ವಲ್ಪ ಗಾಳಿ ಇಳಿಸೋಣ' ಎಂಬ ಯೋಚನೆ ತೆಳು ಟೈರಿನ ಮಟ್ಟಿಗೆ ರಿಮ್ಮಿಗೆ ಮಾಡುವ ದ್ರೋಹ. ಮೆತ್ತಗಾಗಬೇಕಿದ್ದರೆ ಗಾಳಿ ಇಳಿಸುವ ಬದಲು ರಿಮ್ ಇಳಿಸಿ.

ಇದು ದಿನಬಳಕೆಗೆ ಮಾಡಬಹುದಾದ ಅತ್ಯುತ್ತಮ ಬದಲಾವಣೆ ಎಂದೇ ಹೇಳಬೇಕು. 205/40 ಆರ್17 ಬದಲು 195/50 ಆರ್16 ಹಾಕಿದರೆ ಗೋಡೆ 82ರಿಂದ 97.5 ಮಿಲಿಮೀಟರಿಗೆ ಏರುತ್ತದೆ. ಚಕ್ರದ ಒಟ್ಟು ವ್ಯಾಸ 596ರಿಂದ 601 ಮಿಲಿಮೀಟರ್, ಶೇಕಡಾ ಒಂದರಷ್ಟೂ ವ್ಯತ್ಯಾಸವಿಲ್ಲ. 215/40 ಆರ್18 ಬದಲು 215/45 ಆರ್17 ಎಂದರೆ 629ರ ಜಾಗಕ್ಕೆ 625. ವ್ಯಾಸ ಶೇಕಡಾ 2ರ ಒಳಗೇ ಹೊಂದುವಂತೆ ನೋಡಿಕೊಂಡರೆ ಸ್ಪೀಡೋಮೀಟರ್, ಎಬಿಎಸ್ ಎರಡಕ್ಕೂ ಗೊಂದಲವಿಲ್ಲ. ಕಣ್ಮುಚ್ಚಿ ಕೊಳ್ಳುವಂತಿಲ್ಲ, ಅಷ್ಟೆ. ಬೋಲ್ಟ್‌ಗಳ ಸಂಖ್ಯೆ ಮತ್ತು ಅವುಗಳ ವೃತ್ತದ ಅಳತೆ, ನಡುವಿನ ರಂಧ್ರ, ಇಟಿ ಎಂದು ಬರೆಯುವ ಆಫ್‌ಸೆಟ್ ಇಷ್ಟೂ ಹೊಂದಬೇಕು. ಸ್ವಿಫ್ಟ್ ಸ್ಪೋರ್ಟ್‌ಗೂ ಮಾಮೂಲಿ ಸ್ವಿಫ್ಟ್‌ಗೂ ಬೋಲ್ಟ್ ವೃತ್ತವೇ ಬೇರೆ: ಸ್ಪೋರ್ಟ್‌ಗೆ ಐದು ಬೋಲ್ಟ್, 114.3 ಮಿಲಿಮೀಟರ್, ಮಾಮೂಲಿಗೆ ನಾಲ್ಕು, 100. ಅದೇ ಹೆಸರಿನ ಕಾರಲ್ಲವೇ ಎಂದು ರಿಮ್ ತಂದರೆ ಕೂರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ದೊಡ್ಡ ಬ್ರೇಕ್ ಕ್ಯಾಲಿಪರಿನ ಮೇಲೆ ಚಿಕ್ಕ ರಿಮ್ ಕೂರಬೇಕು. ಟೈರ್ ಹಾಕುವ ಮೊದಲೇ ಬರೀ ರಿಮ್ಮನ್ನು ಮುಂದಿನ ಹಬ್‌ಗೆ ಬಿಗಿದು ಕೈಯಿಂದ ತಿರುಗಿಸಿ; ಸ್ಪೋಕ್‌ಗೂ ಕ್ಯಾಲಿಪರಿಗೂ ನಡುವೆ ಮೂರು ಮಿಲಿಮೀಟರ್ ಆದರೂ ಸಂದು ಇರಲಿ. ಟೈರಿನ ಲೋಡ್ ಇಂಡೆಕ್ಸ್ ಮೂಲಕ್ಕಿಂತ ಕಡಿಮೆಯಾಗಬಾರದು. 84 ಎಂದರೆ ಒಂದು ಟೈರ್ 500 ಕೆಜಿ ಹೊರುತ್ತದೆ, 82 ಎಂದರೆ 475.

ಟೈರಿನ ರಬ್ಬರೂ ನೋಡಿಕೊಳ್ಳಬೇಕಾದದ್ದೇ. ಗೋಡೆಯ ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಇದ್ದರೆ 200ರ ಆಸುಪಾಸಿನದು ಅಂಟು ಹೆಚ್ಚು, ಆಯಸ್ಸು ಕಡಿಮೆ. 400ರ ಮೇಲಿನದು ಬಾಳಿಕೆಯ ಟೈರ್. ಈ ಅಂಕಿಯನ್ನು ಕಂಪನಿಗಳೇ ಕೊಟ್ಟುಕೊಳ್ಳುವುದರಿಂದ ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸುವುದಕ್ಕಿಂತ ಒಂದೇ ಕಂಪನಿಯ ಟೈರುಗಳ ನಡುವೆ ಹೋಲಿಸುವುದು ವಾಸಿ. ಹವೆ 7 ಡಿಗ್ರಿಗಿಂತ ಕೆಳಗಿಳಿಯುವ ಕಡೆ ಬೇಸಿಗೆಯ ಸ್ಪೋರ್ಟ್ಸ್ ಟೈರ್ ಗಡುಸಾಗಿ ಹಿಡಿತ ಬಿಡುತ್ತದೆ.

ಮುಂಚಕ್ರಗಳೇ ಎಳೆಯುವ, ತಿರುಗುವ, ಹೆಚ್ಚಾಗಿ ಬ್ರೇಕ್ ಹಿಡಿಯುವ ಕಾರುಗಳಿವು. ಆದ್ದರಿಂದ ಮುಂದಿನ ಟೈರ್ ಬೇಗ ಸವೆಯುತ್ತದೆ. 8,000–10,000 ಕಿಲೋಮೀಟರಿಗೊಮ್ಮೆ ಹಿಂದು-ಮುಂದು ಮಾಡಿ. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಅದೇ ಪಕ್ಕದಲ್ಲೇ ಹಿಂದಕ್ಕೆ ಮುಂದಕ್ಕೆ ಹೋಗಬೇಕು, ಎಡ-ಬಲ ಅದಲುಬದಲು ಕೂಡದು. ಆಗಲೇ ಒಳ ಅಂಚನ್ನು ಬೆರಳಿನಿಂದ ಸವರಿ ನೋಡಿ. ಹೊರಗೆ ಹೊಸದರಂತಿದ್ದು ಒಳಗೆ ತಂತಿ ಕಾಣುವಷ್ಟು ಸವೆದಿದ್ದರೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ಓರೆಯಾಗಿರುವ) ಅಳತೆ ತಪ್ಪಿದೆ; ದೊಡ್ಡ ಗುಂಡಿಗೆ ಬಿದ್ದ ಮೇಲೆಲ್ಲ ಅಲೈನ್‌ಮೆಂಟ್ ನೋಡಿಸುವುದು ಇದಕ್ಕೇ.

ಓಡಿಸುವ ಕ್ರಮದಲ್ಲಿ ಒಂದು ಸಣ್ಣ ಗುಟ್ಟು ಇದೆ. ಹಂಪ್ ಅಥವಾ ಗುಂಡಿ ಕಂಡಾಗ ಬೇಗ ಬ್ರೇಕ್ ಹಿಡಿಯಿರಿ, ಚಕ್ರ ಅದನ್ನು ಮುಟ್ಟುವ ಕ್ಷಣಕ್ಕೆ ಮುಂಚೆ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದಾಗ ತೂಕ ಮುಂದಕ್ಕೆ ಬಂದು ಮುಂದಿನ ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ. ಸ್ಪೋರ್ಟಿ ಕಾರಿನಲ್ಲಿ ಸಸ್ಪೆನ್ಷನ್ ಚಲಿಸುವ ಅಂತರವೇ ಕಡಿಮೆ. ಅದರಲ್ಲೂ ಅರ್ಧ ಖರ್ಚಾಗಿದ್ದರೆ ಉಳಿದ ಏಟೆಲ್ಲ ಟೈರಿಗೆ. ಕಡಿದಾದ ಇಳಿಜಾರಿನ ಬುಡದಲ್ಲಿ ಮುಂದಿನ ಬಂಪರ್ ತುಟಿ ಕೆರೆಯುವಂತಿದ್ದರೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ಹೋಗಿ.

ಸ್ಟೆಪ್ನಿ ಎಲ್ಲಿ?

ಇಂಥ ಬಹಳಷ್ಟು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲ. ಡಿಕ್ಕಿಯ ತಳದಲ್ಲಿ ಅಂಟುದ್ರಾವಣದ ಬಾಟಲಿ, ಪುಟ್ಟ ಕಂಪ್ರೆಸರ್ ಅಷ್ಟೇ. ಮೊಳೆ ಚುಚ್ಚಿದ ಸಣ್ಣ ತೂತಿಗೆ, ಸುಮಾರು ನಾಲ್ಕು ಮಿಲಿಮೀಟರಿನವರೆಗೆ, ಅದು ಕೆಲಸ ಮಾಡುತ್ತದೆ. ಪಕ್ಕದ ಗೋಡೆ ಹರಿದರೆ ಉಪಯೋಗವಿಲ್ಲ, ಮತ್ತು ತೆಳು ಟೈರ್ ಹರಿಯುವುದೇ ಗೋಡೆಯಲ್ಲಿ. ಬಾಟಲಿಗೆ ಅವಧಿ ಮುಗಿಯುವ ತಾರೀಖೂ ಇದೆ, ಈಗಲೇ ಹೋಗಿ ನೋಡಿ.

ಡಿಕ್ಕಿಯಲ್ಲಿ ಜಾಗ ಇದ್ದರೆ ತೆಳು ಸ್ಟೆಪ್ನಿ, ಜ್ಯಾಕ್, ಸ್ಪ್ಯಾನರ್ ಇಟ್ಟುಕೊಳ್ಳಿ. ಅದು ಮುಂದಿನ ದೊಡ್ಡ ಬ್ರೇಕಿನ ಮೇಲೆ ಕೂರದಿರಬಹುದು. ಜೊತೆಗೆ ಮುಂದೆ, ಎರಡು ಚಕ್ರಗಳ ವೇಗದ ವ್ಯತ್ಯಾಸಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಕಾರಾದರೆ ಎರಡು ಬದಿಗೆ ಬೇರೆ ಬೇರೆ ವ್ಯಾಸದ ಚಕ್ರ ಹಾಕಿ ಓಡಿಸಿದರೆ ಡಿಫರೆನ್ಷಿಯಲ್ ಒಂದೇ ಸಮ ಜಾರುತ್ತಾ ಬಿಸಿಯೇರುತ್ತದೆ. ಹಾಗಾಗಿ ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತನ್ನಿ, ಸ್ಟೆಪ್ನಿಯನ್ನು ಹಿಂದೆ ಹಾಕಿ. ಎರಡು ಸಲ ಜ್ಯಾಕ್ ಹಾಕುವ ಕೆಲಸ, ಬೈದುಕೊಂಡಾದರೂ ಮಾಡಿ. ವೇಗ 80 ಕಿಲೋಮೀಟರ್ ದಾಟದಿರಲಿ.

ಬ್ರೇಕ್, ಬ್ಯಾಟರಿ, ಬಟನ್

ಬ್ರೇಕ್ ದೊಡ್ಡದಿದ್ದರೆ ಚಿಂತೆ ಕಡಿಮೆ, ಆದರೆ ಎರಡು ಸಂಗತಿ. ತಿರುವಿನಲ್ಲಿ ಒಳಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ತಿರುಗಿಸುವ ಟಾರ್ಕ್ ವೆಕ್ಟರಿಂಗ್ ಇದ್ದರೆ ನೀವು ಪೆಡಲ್ ಮುಟ್ಟದಿದ್ದರೂ ಪ್ಯಾಡ್ ಸವೆಯುತ್ತದೆ. ಮೂರು ಮಿಲಿಮೀಟರಿಗೆ ಇಳಿದರೆ ಬದಲಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ರವರೆಗೂ ಇಳಿಯಬಹುದು. ಓಡಿಸಿದ ಕಿಲೋಮೀಟರ್ ಎಷ್ಟೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ರೇಸಿಂಗ್ ಪ್ಯಾಡ್‌ಗಳ ಆಸೆ ಬೇಡ. ಅವು ಬಿಸಿಯಾಗುವವರೆಗೆ ಹಿಡಿಯುವುದೇ ಇಲ್ಲ, ಆಫೀಸಿನ ದಾರಿಯಲ್ಲಿ ಅವು ಬಿಸಿಯಾಗುವುದೂ ಇಲ್ಲ.

ನಿಂತಾಗ ಎಂಜಿನ್ನನ್ನು ತಾನೇ ಆರಿಸಿ ಮತ್ತೆ ಹೊತ್ತಿಸುವ ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಪದೇ ಪದೇ ಸ್ಟಾರ್ಟ್ ತಾಳುವ ಎಜಿಎಮ್ ಅಥವಾ ಇಎಫ್‌ಬಿ ಬಗೆಯ ಬ್ಯಾಟರಿಯೇ ಬೇಕು. ಸಾಧಾರಣ ಬ್ಯಾಟರಿ ಹಾಕಿದರೆ ಬೇಗ ಸಾಯುತ್ತದೆ.

ಸ್ಪೋರ್ಟ್ ಬಟನ್ ಒತ್ತಿದರೆ ಹೆಚ್ಚಿನ ಕಾರುಗಳಲ್ಲಿ ಗರಿಷ್ಠ ಶಕ್ತಿ ಏರುವುದಿಲ್ಲ. ಅದೇ ಪೆಡಲ್ ಅಂತರಕ್ಕೆ ಥ್ರಾಟಲ್ ಹೆಚ್ಚು ತೆರೆಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಟ್ರಾಫಿಕ್ಕಿನಲ್ಲಿ ಇದರ ಫಲ ಕುಲುಕಾಟ ಮಾತ್ರ. ನಿಮ್ಮದೇ ಹೊಂದಾಣಿಕೆ ಉಳಿಸಿಡುವ ಸೌಲಭ್ಯ ಇದ್ದರೆ ಎಂಜಿನ್ ನಾರ್ಮಲ್, ಸ್ಟೀರಿಂಗ್ ಹಗುರ, ಡ್ಯಾಂಪರ್ ಮೃದು, ಸೈಲೆನ್ಸರ್ ಮೌನ ಎಂದು ಒಂದನ್ನು ದಿನಬಳಕೆಗೆ ಇಟ್ಟುಬಿಡಿ. ಸೀಟಿನ ವಿಷಯದಲ್ಲಿ, ಪಕ್ಕದ ದಿಂಬು ಎದ್ದ ಬಕೆಟ್ ಸೀಟಿಗೆ ದೇಹ ಹೊಂದುವುದೋ ಇಲ್ಲವೋ ಎಂಬುದು ಹತ್ತು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ತಿಳಿಯದು. ಮುಕ್ಕಾಲು ಗಂಟೆ ಕೂತು ನೋಡಿ.

ಪೆಟ್ರೋಲಿನ ಲೆಕ್ಕ

ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ 22 ದಿನ ಎಂದರೆ 880 ಕಿಲೋಮೀಟರ್. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೆ 73 ಲೀಟರ್, 16 ಕೊಟ್ಟರೆ 55. ಸಾಧಾರಣ ಕಾರಿಗಿಂತ ಹೆಚ್ಚುವರಿ ಖರ್ಚು ಈ 18 ಲೀಟರಿನ ಆಜುಬಾಜಿನಲ್ಲಿ. ಅದಕ್ಕಿಂತ ಟೈರಿನ ಖರ್ಚೇ ಹೆಚ್ಚು ಚುಚ್ಚುತ್ತದೆ. ಟ್ಯಾಂಕ್ ಚಿಕ್ಕದು ಎಂಬುದು ನೆನಪಿರಲಿ: ಸ್ವಿಫ್ಟ್ ಸ್ಪೋರ್ಟ್‌ಗೆ 37 ಲೀಟರ್, ಐ20 ಎನ್‌ಗೆ 40. ಬೇಕಾದ ಆಕ್ಟೇನ್ ಮಟ್ಟ, ಅಂದರೆ ಪೆಟ್ರೋಲ್ ನಾಕಿಂಗ್ ತಡೆಯುವ ಶಕ್ತಿಯ ಅಂಕಿ, ಇಂಧನ ಮುಚ್ಚಳದ ಒಳಗೆ ಬರೆದಿರುತ್ತದೆ. 95 ಎಂದಿದ್ದಲ್ಲಿ 91 ಹಾಕಿದರೆ ನಾಕ್ ಸೆನ್ಸರ್ ಎಂಜಿನ್ನನ್ನು ಕಾಯಲು ನೋಡುತ್ತದೆ, ಆದರೆ ಸ್ಪಾರ್ಕ್ ತಡವಾಗಿ ಎಳೆತವೂ ಮೈಲೇಜೂ ಎರಡೂ ಇಳಿಯುತ್ತವೆ. ಅನಿವಾರ್ಯವಾಗಿ ಹಾಕಿಸಿದ ದಿನ ಪೆಡಲ್ ಮೇಲೆ ಮೃದುವಾಗಿರಿ.

ಮಾಡಿಫಿಕೇಶನ್ ಮತ್ತು ಹಳೆಯ ಕಾರು

ಇಸಿಯು ರೀಮ್ಯಾಪ್, ಅಂದರೆ ಅದರ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ಟಾರ್ಕ್ ಹೆಚ್ಚುವುದು ಮುಖ್ಯವಾಗಿ ಕೆಳಗಿನ, ನಡುವಿನ ಸುತ್ತುಗಳಲ್ಲಿ. ಕ್ಲಚ್ ಜಾರುವುದೂ ಎಲ್‌ಎಸ್‌ಪಿಐ ಕಾಡುವುದೂ ಅಲ್ಲೇ. ತಗ್ಗಿಸುವ ಸ್ಪ್ರಿಂಗ್ ಇರುವ ಸ್ವಲ್ಪ ಸಸ್ಪೆನ್ಷನ್ ಅಂತರವನ್ನೂ ನುಂಗುತ್ತದೆ. ಜೋರು ಸೈಲೆನ್ಸರಿನ ಗುಂಯ್‌ಗುಡುವಿಕೆ ಸಾಮಾನ್ಯವಾಗಿ 2000–3000 ಆರ್‌ಪಿಎಮ್ ನಡುವೆ, ನೀವು ದಿನಾ ಇರುವುದೂ ಅಲ್ಲೇ. ದುಡ್ಡು ಕೈಯಲ್ಲಿ ಕುಣಿಯುತ್ತಿದ್ದರೆ ಚಿಕ್ಕ ರಿಮ್, ಒಳ್ಳೆಯ ಟೈರ್, ಬಂಪರಿನ ಕೆಳತುಟಿಗೆ ರಕ್ಷಣಾ ಫಿಲ್ಮ್, ಈ ಕ್ರಮದಲ್ಲಿ ಖರ್ಚು ಮಾಡಿ.

ಹಳೆಯದನ್ನು ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಿ. ಬಾನೆಟ್ ಮುಟ್ಟಿ, ಡಿಪ್‌ಸ್ಟಿಕ್ ಮೂಸಿ, ಆಮೇಲೆ ಸ್ಟಾರ್ಟ್ ಮಾಡಿಸಿ ಮೊದಲ ಎರಡು ನಿಮಿಷದ ನಡುಕ ಗಮನಿಸಿ. ಕಾರನ್ನು ಎತ್ತಿಸಿ ನಾಲ್ಕೂ ರಿಮ್ಮಿನ ಒಳತುಟಿ, ಟೈರಿನ ಒಳ ಅಂಚು, ಬಂಪರಿನ ಅಡಿ ನೋಡಿ. ಟರ್ಬೊ ಪೈಪುಗಳ ಕ್ಲಾಂಪ್‌ಗಳಲ್ಲಿ ಒಂದೆರಡು ಮಾತ್ರ ಹೊಸತಾಗಿ ಹೊಳೆಯುತ್ತಿದ್ದರೆ ಯಾರೋ ಏನೋ ಬಿಚ್ಚಿ, ಮಾರುವ ಮುಂಚೆ ಮತ್ತೆ ಮೂಲದ್ದನ್ನು ಕೂರಿಸಿರಬಹುದು, ಕೇಳಿ. ಕೊನೆಗೆ ಸರ್ವಿಸ್ ಪುಸ್ತಕ ತೆರೆದಾಗ ಕಿಲೋಮೀಟರಿನ ಕಾಲಂ ಜೊತೆಗೆ ತಾರೀಖಿನ ಕಾಲಂ ಓದಿ. ನಾಲ್ಕು ವರ್ಷದಲ್ಲಿ 20,000 ಕಿಲೋಮೀಟರ್ ಓಡಿ ಎರಡೇ ಸಲ ಆಯಿಲ್ ಕಂಡ ಕಾರಿಗಿಂತ, ಅಷ್ಟೇ ವರ್ಷದಲ್ಲಿ 70,000 ಓಡಿ ಒಂಬತ್ತು ಸಲ ಆಯಿಲ್ ಬದಲಿಸಿಕೊಂಡ ಕಾರನ್ನು ಧೈರ್ಯವಾಗಿ ಕೊಳ್ಳಬಹುದು.